ಸೆರಗಿನ ಮರೆಯ ಗಂಟು

ಬರ್ಕತ್‌ಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಪಕ್ಕದ ಮನೆಯ ತೆಲುಗು ಅಜ್ಜಿ ಗೋಡೆಯಾಚೆಯಿಂದ ನನ್ನ ಹೊಟ್ಟೆಯನ್ನೇ ದಿಟ್ಟಿಸಿ ನೋಡಿ, ಗುಟ್ಟಿನ ದನಿಯಲ್ಲಿ, "ಎನ್ನೋ ನೆಲ, ಅಮ್ಮಾ?" ಎಂದರು. ಎಷ್ಟನೆಯ ತಿಂಗಳು ಎಂದು! ನನಗಾಗ 54 ವರ್ಷ; ಗರ್ಭಕೋಶವನ್ನೇ ತೆಗೆಸಿ 3 ವರ್ಷವಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಸೆರಗನ್ನು ಇನ್ನೊಂದು ಸುತ್ತು ಎಳೆದುಕೊಂಡು ಕೆಳಗಿಳಿದು ಬಂದೆ.

ಶಸ್ತ್ರಕ್ರಿಯೆಯ ಗಾಯ ಆಗ ಸುಲಭವಾಗಿ ಮಾಯಲಿಲ್ಲ. ಒಂದು ಮೂಲೆಯಲ್ಲಿ ಕೀವಾಗಿ ಮೂರು ವಾರ ಕಾಡಿತು. ವರ್ಷ ಕಳೆಯುವಷ್ಟರಲ್ಲಿ ಹೊಕ್ಕುಳಿನ ಕೆಳಗೆ, ಹೊಲಿಗೆಯ ಗೆರೆಯ ಮೇಲೆ, ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿತು. ಮಲಗಿದರೆ ಮಾಯ, ಎದ್ದು ಕೆಮ್ಮಿದರೆ ಪ್ರತ್ಯಕ್ಷ. ಯಾರಿಗೆ ಹೇಳುವುದು? ನಮ್ಮವರಿಗೂ ಹೇಳಲಿಲ್ಲ. ನಿಂಬೆಹಣ್ಣು ಮೂಸಂಬಿಯಾಯಿತು. ನಾನು ಸೀರೆಯನ್ನು ಬಿಗಿಯಾಗಿ ಉಡುವುದನ್ನು ಕಲಿತೆ.

ಹೀಗೆ ಬಿಗಿದು ಕಟ್ಟುವುದು ನಮ್ಮ ಮನೆತನಕ್ಕೆ ಹೊಸದಲ್ಲ. ಸೇಡಂನಲ್ಲಿ ನಮ್ಮವ್ವ ಹಳೆಯ ಧೋತರದ ಪಟ್ಟಿಯೊಂದನ್ನು ಹೊಟ್ಟೆಗೆ ಸುತ್ತಿಕೊಳ್ಳದೆ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ. ಕಡೆಯ ಹೆರಿಗೆಯಲ್ಲಿ ಆಕೆಯ ಹೊಟ್ಟೆ ಕೊಯ್ದಿದ್ದರು. "ಏನಾಗಂಗಿಲ್ಲ ಬಿಡು, ವಾಯು ಅದ" ಎನ್ನುತ್ತಿದ್ದಳು. ಒಂದು ರಾತ್ರಿ ಹೊಟ್ಟೆಶೂಲೆ ಎದ್ದು, ವಾಂತಿಯಾಗಿ, ಮರುದಿನ ಸಂಜೆಯ ಹೊತ್ತಿಗೆ ಹೋಗಿಬಿಟ್ಟಳು. ಶೂಲೆಯಿಂದ ಹೋದಳೆಂದು ನಾವೆಲ್ಲರೂ ನಂಬಿದ್ದೆವು.

ನನ್ನ ಗುಟ್ಟು ಯುಗಾದಿಯ ದಿನ ರಟ್ಟಾಯಿತು. ಹೋಳಿಗೆಗೆ ಬೇಯಿಸಿದ ಬೇಳೆಯ ದೊಡ್ಡ ಪಾತ್ರೆಯನ್ನು ಒಬ್ಬಳೇ ಇಳಿಸಿದೆ. ಉಬ್ಬು ಬೇಲದಕಾಯಿಯಂತೆ ಗಟ್ಟಿಯಾಗಿ ಹೊರಗೇ ನಿಂತಿತು. ಮಲಗಿದರೂ ಒಳಗೆ ಹೋಗಲಿಲ್ಲ. ನೋವು ಹೇಳತೀರದು, ಜೊತೆಗೆ ವಾಂತಿ. ನಮ್ಮವರು ಹೋಳಿಗೆಯ ಎಲೆಯನ್ನು ಬಿಟ್ಟೆದ್ದು ಆಟೋ ತಂದರು. ಆಸ್ಪತ್ರೆಯ ಸರ್ಜನ್ನರು ನೋವಿಗೆ ಸೂಜಿ ಕೊಟ್ಟು, ಬಹಳ ಹೊತ್ತು ಮೆಲ್ಲಮೆಲ್ಲನೆ ಒತ್ತಿ, ಕರುಳನ್ನು ಒಳಗೆ ಕಳಿಸಿದರು. "ತಾಯಿ, ಇನ್ನೊಂದು ದಿನ ಮನೆಯಲ್ಲಿ ಕೂತಿದ್ದರೆ ಆ ಕರುಳಿಗೆ ರಕ್ತ ನಿಂತು ಕೊಳೆತುಹೋಗುತ್ತಿತ್ತು. ಮನೆಯಲ್ಲಿ ನೀವೇ ಒತ್ತಲು ಹೋಗಬೇಡಿ, ಅದೂ ಅಪಾಯ" ಎಂದರು. ನನಗೆ ತಟ್ಟನೆ ಅವ್ವನ ಧೋತರದ ಪಟ್ಟಿ ಕಣ್ಣ ಮುಂದೆ ಬಂತು. ಆ ರಾತ್ರಿ ಆಸ್ಪತ್ರೆಯ ಮಂಚದಲ್ಲಿ ನಾನು ಅತ್ತದ್ದು ನೋವಿಗಲ್ಲ.

ಸರ್ಜನ್ನರು ತಾಳ್ಮೆಯ ಮನುಷ್ಯರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ನಡುಮಧ್ಯದಲ್ಲಿ ಬಿಳಿಯ ಗಟ್ಟಿ ಪಟ್ಟಿಯೊಂದಿದೆ; ಎರಡು ಕಡೆಯ ಸ್ನಾಯುಗಳ ಹೊದಿಕೆಗಳೂ ಬಂದು ಅದಕ್ಕೇ ಸೇರುತ್ತವೆ. ಅದನ್ನು ಕೊಯ್ದು ಹೊಲಿದರೆ ಮತ್ತೆ ಕೂಡುತ್ತದೆ, ಆದರೆ ಮೊದಲಿನ ಬಲ ಪೂರ್ತಿ ಬರುವುದಿಲ್ಲ. ಗಾಯ ಕೀವಾದರೆ, ಮೈ ಬೊಜ್ಜಾಗಿದ್ದರೆ, ಸಕ್ಕರೆ ಕಾಯಿಲೆ, ಬಿಡದ ಕೆಮ್ಮು, ಬೀಡಿ ಸಿಗರೇಟು ಇದ್ದರೆ ಹೊಲಿಗೆಯ ನಡುವೆ ಬಿರುಕು ಬಿಟ್ಟು ಕರುಳು ಹೊರಗೆ ಇಣುಕುತ್ತದೆ. ಹೊಟ್ಟೆಯ ನಡುವೆ ಕೊಯ್ಯಿಸಿಕೊಂಡ 100 ಜನರಲ್ಲಿ ಸುಮಾರು 10-15 ಮಂದಿಗೆ ಹೀಗಾಗುತ್ತದಂತೆ. ಇಷ್ಟು ಮಂದಿ ಇದ್ದೂ ಒಬ್ಬಳೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಪಟ್ಟಿ ಕಟ್ಟಿಕೊಂಡರೆ ಸಾಲದೇ?" ಎಂದೆ. ಪಟ್ಟಿಯಿಂದ ಹಾಯೆನಿಸಬಹುದು, ತೂತು ಮುಚ್ಚುವುದಿಲ್ಲ. ಮಾತ್ರೆ, ಕಷಾಯ, ವ್ಯಾಯಾಮಗಳಿಂದಲೂ ಮುಚ್ಚುವುದಿಲ್ಲ ಎಂದರು. ಬರಿಯ ಹೊಲಿಗೆಯೂ ಸಾಲದು. ಹಾಲೆಂಡಿನ ವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬರಿಯ ಹೊಲಿಗೆ ಹಾಕಿಸಿಕೊಂಡವರಲ್ಲಿ 3 ವರ್ಷದೊಳಗೆ 100ಕ್ಕೆ 43 ಮಂದಿಗೆ ಹರ್ನಿಯಾ ಮರಳಿತು. ಜಾಲರಿ ಇಟ್ಟವರಲ್ಲಿ 24 ಮಂದಿಗೆ. ಜಾಲರಿಯೂ ಪೂರ್ತಿ ಭರವಸೆಯಲ್ಲವೆಂದಾಯಿತು. ಆದರೂ ಹರಿದ ಸೀರೆಗೆ ತೇಪೆ ಹಾಕಿದವಳಿಗೆ ಅದರ ನ್ಯಾಯ ತಿಳಿಯದೇ? ಅಮೆರಿಕದ ಟೆಕ್ಸಾಸಿನ ಫ್ರಾನ್ಸಿಸ್ ಅಷರ್ ಎಂಬ ಸರ್ಜನ್ನರು 1958ರ ಸುಮಾರಿಗೆ ಈ ಪ್ಲಾಸ್ಟಿಕ್ ಜಾಲರಿಯನ್ನು ಬಳಕೆಗೆ ತಂದರಂತೆ. ನನಗೆ ಇನ್ನೂ ಹಿಡಿಸಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಕಥೆ. ದೊಂಡಾಯಿಚದ ಡಾ. ತೋಂಗಾಂವಕರ್ ಮತ್ತು ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ, ಹರ್ನಿಯಾಕ್ಕೆ ಜಾಲರಿಯಾಗಿ ಹಾಕಿ, 2003ರಲ್ಲಿ ವರದಿ ಬರೆದರು. ತೊಡೆಸಂದಿನ ಹರ್ನಿಯಾಕ್ಕೆ ಅದು ದುಬಾರಿ ಜಾಲರಿಗೆ ಸಮನೆಂದು 2016ರಲ್ಲಿ ಉಗಾಂಡಾದಿಂದಲೂ ವರದಿ ಬಂತು. (ಮನೆಯ ಸೊಳ್ಳೆಪರದೆಯನ್ನು ಹಿಡಿದುಕೊಂಡು ಯಾರೂ ಆಸ್ಪತ್ರೆಗೆ ಓಡಬೇಡಿ!)

ಕೂಡಲೇ ಕೊಯ್ಯಲಿಲ್ಲ. ಆರು ವಾರ ಸಕ್ಕರೆ ಹಿಡಿತಕ್ಕೆ ತರಬೇಕು, ತೂಕ ಇಳಿಸಬೇಕು, ಅಷ್ಟರಲ್ಲಿ ಉಬ್ಬು ಮತ್ತೆ ಗಟ್ಟಿಯಾದರೆ ನಡುರಾತ್ರಿಯಾದರೂ ಬರಬೇಕು ಎಂದು ಕಟ್ಟಪ್ಪಣೆಯಾಯಿತು. ನಾನು ಅನ್ನ ಬಿಟ್ಟು ಜೋಳದ ರೊಟ್ಟಿಗೆ ಮರಳಿದೆ, ತವರಿಗೆ ಹೋದಂತಾಯಿತು. ನನಗೆ ಮತ್ತೊಂದು ಭಯ, ಅರಿವಳಿಕೆಯದು. ಎಚ್ಚರವೇ ಆಗದಿದ್ದರೆ? ನಮ್ಮವರು ಧೈರ್ಯ ಹೇಳುವ ರೀತಿಯೇ ಬೇರೆ: "ಹೈದರಾಬಾದಿನಲ್ಲಿದ್ದು ಅರಿವಳಿಕೆಗೆ ಹೆದರುತ್ತೀಯಾ? 1888ರಲ್ಲಿ ಒಮ್ಮೆ, 1889ರಲ್ಲಿ ಮತ್ತೊಮ್ಮೆ ಕ್ಲೋರೋಫಾರಂ ಪರೀಕ್ಷೆಗೆ ಸಮಿತಿ ಕೂತದ್ದು ಇದೇ ಊರಿನಲ್ಲಿ. ಎಡ್ವರ್ಡ್ ಲಾರಿ ನಡೆಸಿದ, ನಿಜಾಮರು ಹಣ ಕೊಟ್ಟರು." ಆ ಸಮಿತಿಯ ತೀರ್ಮಾನ ಮುಂದೆ ತಪ್ಪೆಂದು ತಿಳಿದುಬಂತು ಎಂಬುದನ್ನು ಅವರು ಶಸ್ತ್ರಕ್ರಿಯೆ ಮುಗಿದ ಮೇಲೆ ಹೇಳಿದರು. ಬುದ್ಧಿವಂತರು.

ಶಸ್ತ್ರಕ್ರಿಯೆ ಸರಾಗವಾಗಿ ಆಯಿತು. ಮರುದಿನವೇ ಎಬ್ಬಿಸಿ ನಡೆಸಿದರು. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿ, ಮಲಬದ್ಧತೆಗೆ ಎಡೆಗೊಡಬೇಡ, ಮೂರು ತಿಂಗಳು ಭಾರ ಎತ್ತಬೇಡ ಎಂದರು. ಬಿಂದಿಗೆ ಎತ್ತುವ ಕೆಲಸ ನಮ್ಮವರ ಪಾಲಿಗೆ ಬಂತು. ಇಂದಿಗೂ ನಾನು ಅದನ್ನು ಮರಳಿ ಪಡೆದಿಲ್ಲ.

ಮತ್ತೆ ಮಾಳಿಗೆ ಹತ್ತಿದ ದಿನ ಅಜ್ಜಿ ಗೋಡೆಯಾಚೆ ಮೆಣಸಿನಕಾಯಿ ಹರವುತ್ತಿದ್ದರು. "ಹೊಟ್ಟೆ ಎಲ್ಲಿ ಹೋಯಿತು?" ಎಂದು ಕೇಳಿದರು. ನನ್ನ ಮುರುಕು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ, ಅವ್ವನ ಸಂಗತಿಯನ್ನೂ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಟ್ಟಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಸೆರಗನ್ನು ಸ್ವಲ್ಪ ಸರಿಸಿದರು. ಒಳಗೊಂದು ಬಟ್ಟೆಯ ಪಟ್ಟಿ, ಅದರಡಿ ತೆಂಗಿನಕಾಯಿ ಗಾತ್ರದ ಗಂಟು. ಹದಿನೆಂಟು ವರ್ಷದ್ದಂತೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಒಂದೇ ಆಟೋದಲ್ಲಿ ಸರ್ಜನ್ನರ ಬಳಿಗೆ ಹೋದೆವು.