ಭಾರಕ್ಕೆ ತಕ್ಕ ಸ್ಪ್ರಿಂಗು

ಯಲಬುರ್ಗಾದಿಂದ ಕೊಪ್ಪಳದ ಗವಿಮಠದ ಜಾತ್ರೆಗೆ ಮಗನ 411 ಸಿ.ಸಿ. ಹಿಮಾಲಯನ್ ಬೈಕಿನಲ್ಲಿ ಹೊರಟಿದ್ದೆ. "ಮೂಲದ್ದನ್ನು ತೆಗೆದು ಬಲು ಗಟ್ಟಿ ಸ್ಪ್ರಿಂಗು ಹಾಕಿಸಿದ್ದೇನೆ, ಅಪ್ಪಾಜಿ" ಎಂದ. ಆದರೆ ಪ್ರತಿ ತಗ್ಗಿನ ಪೆಟ್ಟೂ ನೇರವಾಗಿ ನನ್ನ ಬೆನ್ನಿಗೆ ತಾಗಿತು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ನೆಲಬಿಟ್ಟು ಪುಟಿದು ಜಾರಿತು, ಶಿವಕೃಪೆಯಿಂದ ಉಳಿದೆವು.

ಮರುವಾರ ಕುಷ್ಟಗಿಯ ಹಿರಿಯ ಮಿಸ್ತ್ರಿಯೊಬ್ಬರು ಅಳತೆಪಟ್ಟಿ ಹಿಡಿದು ತಿಳಿಸಿದರು: "ಈ ಚಕ್ರದ ಏರಿಳಿತ 180 ಮಿ.ಮೀ. ನೀವಿಬ್ಬರೂ ಕುಳಿತಾಗ ಮೂರರಲ್ಲೊಂದು ಪಾಲು, ಸುಮಾರು 60 ಮಿ.ಮೀ., ಇಳಿಯಬೇಕು. ಇಲ್ಲಿ 30 ಮಾತ್ರ ಇಳಿದಿದೆ. ತಿರುಗಣೆ ಸಡಿಲಿಸಿದರೆ ಬೈಕಿನ ಎತ್ತರ ತಗ್ಗೀತು. ಸ್ಪ್ರಿಂಗಿನ ಗಡಸು ತಗ್ಗದು. ಸವಾರರ ತೂಕ ನೋಡಿಯೇ ಸ್ಪ್ರಿಂಗು ಆರಿಸಬೇಕು."

ಮಗ ತಲೆತಗ್ಗಿಸಿದ. ತಪ್ಪು ಅವನೊಬ್ಬನದಲ್ಲ, ಗಟ್ಟಿಯಾದದ್ದೆಲ್ಲ ಒಳ್ಳೆಯದೆಂದು ಬಾಲ್ಯದಿಂದ ಕಲಿಸಿದವನು ನಾನೇ.