ಬಾಗುವ ಫಲಕ

ವಾದ್ಯಗಳು ತಮ್ಮನ್ನು ನುಡಿಸುವವರ ದೇಹವನ್ನು ತಮಗೆ ಬೇಕಾದಂತೆ ಪಳಗಿಸುತ್ತವೆ. ವೀಣೆಯ ಮುಂದೆ ಕುಳಿತವರು ಮಂಡಿ ಮಡಚಬೇಕು. ಪಾಶ್ಚಾತ್ಯ ಪದ್ಧತಿಯ ಪಿಟೀಲುವಾದಕರು ಗದ್ದದಡಿಯಲ್ಲಿ ವಾದ್ಯವನ್ನು ಒತ್ತಿಹಿಡಿಯಬೇಕು. ಹಾರ್ಮೋನಿಯಂ ನುಡಿಸುವವರು ಒಂದು ಕೈಯನ್ನು ತಿದಿಗೇ ಮೀಸಲಿಡಬೇಕು. ಇದಕ್ಕೆ ಸ್ವಲ್ಪ ಭಿನ್ನವಾದ ವಾದ್ಯವೊಂದು ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿದೆ. ಅಮೆರಿಕದಲ್ಲಿದ್ದ ಅಣ್ಣನ ಮಗ ಊರಿಗೆ ಮರಳುವಾಗ ತಂದ ಮಿನಿಮೂಗ್ ಮಾಡೆಲ್ ಡಿ ಎಂಬ ಸಿಂಥಸೈಜರ್ ಅದು. ಅದರ ನಿಯಂತ್ರಣ ಫಲಕ ನುಡಿಸುವವರ ಕಡೆಗೆ ಮುಖಮಾಡುವಂತೆ ಮೇಲೇಳುತ್ತದೆ.

ಈ ಸೌಕರ್ಯದ ಬೆಲೆ ತಿಳಿಯಬೇಕಾದರೆ ಅದರ ಹಿಂದಿನ ಯಂತ್ರಗಳನ್ನು ನೆನೆಯಬೇಕು. 1964ರಲ್ಲಿ ರಾಬರ್ಟ್ ಮೂಗ್ ಅವರು ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ ರೂಪಿಸಲಾರಂಭಿಸಿದ ಸಿಂಥಸೈಜರ್, ಬೆಳೆಯುತ್ತ ಬೆಳೆಯುತ್ತ ಬೀರುವಿನಂತೆ ನಿಲ್ಲುವ ಯಂತ್ರವಾಯಿತು. ಅದರ ಭಾಗಗಳನ್ನು ತಂತಿಗಳಿಂದ ಒಂದಕ್ಕೊಂದು ಜೋಡಿಸಿ ನಾದವನ್ನು ಕಟ್ಟಬೇಕಿತ್ತು. ವೆಂಡಿ ಕಾರ್ಲೋಸ್ ಅವರು 1968ರಲ್ಲಿ ಹೊರತಂದ ‘ಸ್ವಿಚ್ಡ್-ಆನ್ ಬಾಖ್’ ಧ್ವನಿಮುದ್ರಿಕೆಯಲ್ಲಿ ಬಾಖ್‌ನ ಕೃತಿಗಳು ಅಂಥ ಯಂತ್ರದಿಂದಲೇ ಮೂಡಿಬಂದವು. ಸಲಕ್ಕೆ ಒಂದೇ ಸ್ವರ ನುಡಿಯುವ ಯಂತ್ರವಾದುದರಿಂದ ಒಂದೊಂದು ಸ್ವರಸಾಲನ್ನೂ ಬೇರೆಬೇರೆಯಾಗಿ ಮುದ್ರಿಸಿ ಕೂಡಿಸಬೇಕಾಯಿತು. ಸ್ಟುಡಿಯೋದಲ್ಲಿ ಇದು ಸಾಧ್ಯ. ಸಭೆಯ ಮುಂದೆ ಸುಲಭವಲ್ಲ. ಈ ಕೊರತೆಯನ್ನು ನೀಗಲು ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್‌ನಲ್ಲಿದ್ದ ಮೂಗ್ ಅವರ ಸಂಸ್ಥೆಯ ಎಂಜಿನಿಯರ್ ಬಿಲ್ ಹೆಮ್‌ಸಾತ್ ಅವರು ಅಗತ್ಯ ಭಾಗಗಳನ್ನಷ್ಟೇ ಒಗ್ಗೂಡಿಸಿ ಪುಟ್ಟ ಮಾದರಿಯೊಂದನ್ನು ಸಿದ್ಧಪಡಿಸಿದರು. ಅದರ ಮುಂದಿನ ರೂಪವೇ 1970ರ ಮಾಡೆಲ್ ಡಿ. 1981ರಲ್ಲಿ ಅದರ ತಯಾರಿಕೆ ನಿಂತಿತು. 2016ರಲ್ಲೊಮ್ಮೆ, 2022ರಲ್ಲಿ ಮತ್ತೊಮ್ಮೆ ಮರಳಿ ಬಂದಿತು.

ಮರದ ಚೌಕಟ್ಟಿನಲ್ಲಿ 44 ಕೀಗಳ ಕೀಲಿಮಣೆ. ಅದರ ಹಿಂದೆ ಬಿಜಾಗರಿಯ ಮೇಲೆ ತಿರುಗುವ ಕಪ್ಪು ಫಲಕ. ಫಲಕದ ಮೇಲೆ ಎಡದಿಂದ ಬಲಕ್ಕೆ ನಾದ ಹುಟ್ಟಿಸುವ ಮೂರು ಆಸಿಲೇಟರ್‌ಗಳು, ಅವುಗಳನ್ನು ಬೆರೆಸುವ ಮಿಕ್ಸರ್, ನಾದದ ಬಣ್ಣವನ್ನು ತಿದ್ದುವ ಫಿಲ್ಟರ್, ಇವುಗಳ ಗುಂಡಿಗಳು ಸಾಲಾಗಿವೆ. ಸಲಕ್ಕೆ ಒಂದೇ ಸ್ವರವಾದುದರಿಂದ ಬಲಗೈ ರಾಗವನ್ನು ನುಡಿಸುತ್ತಿದ್ದರೆ ಎಡಗೈ ಬಿಡುವಾಗಿರುತ್ತದೆ. ಆ ಕೈ ಫಲಕದ ಗುಂಡಿಗಳನ್ನು ಮೆಲ್ಲನೆ ತಿರುಗಿಸುತ್ತ ಸ್ವರಕ್ಕೆ ಮಾರ್ದವವನ್ನೋ ತೀಕ್ಷ್ಣತೆಯನ್ನೋ ಕೊಡುತ್ತದೆ. ಆದುದರಿಂದ ಇಲ್ಲಿ ಫಲಕವೂ ಕೀಲಿಮಣೆಯಷ್ಟೇ ನುಡಿಸುವ ಜಾಗ. ಅದು ಕಣ್ಣಿಗೆ ಕಾಣದಿದ್ದರೆ, ಕೈಗೆ ಎಟುಕದಿದ್ದರೆ ಅರ್ಧ ವಾದ್ಯವೇ ಇಲ್ಲವಾದಂತೆ.

ನನಗೀಗ ಅರವತ್ತೆರಡು ವರ್ಷ. ಮೂರು ವರ್ಷಗಳ ಹಿಂದೆ ಕತ್ತಿನ ನೋವು ಹೆಗಲಿಗಿಳಿದು ಬಲಗೈಯ ಬೆರಳುಗಳವರೆಗೆ ಜೋಮು ಹಿಡಿಯತೊಡಗಿತು. ಹತ್ತು ನಿಮಿಷ ನುಡಿಸಿದರೆ ಅರ್ಧ ದಿನ ಮಲಗಬೇಕಾಗುತ್ತಿತ್ತು. ವಾದ್ಯವನ್ನು ಮುಚ್ಚಿಟ್ಟುಬಿಡುವುದೇ ಲೇಸೆಂದು ಮನೆಯವರು ಹೇಳಿದರು. ನನ್ನ ಮನಸ್ಸೂ ಅತ್ತಲೇ ವಾಲಿತ್ತು. ಸಂಜೆಯ ಆ ಒಂದು ಗಂಟೆ ಹೋದರೆ ಉಳಿಯುವ ದಿನದಲ್ಲಿ ನನ್ನದೆಂದು ಏನಿದೆ ಎಂಬ ಪ್ರಶ್ನೆ ರಾತ್ರಿಯೆಲ್ಲ ಕಾಡುತ್ತಿತ್ತು. ಫಿಸಿಯೋಥೆರಪಿಯ ತಜ್ಞೆ ವ್ಯಾಯಾಮಗಳನ್ನು ಕಲಿಸಿದ ಬಳಿಕ, ನುಡಿಸುವಾಗ ನಾನು ಎಲ್ಲಿ ನೋಡುತ್ತೇನೆಂದು ವಿಚಾರಿಸಿದರು. ಕುತ್ತಿಗೆ ಹೆಚ್ಚು ಹೊತ್ತು ಬಾಗದಂತೆ ವಾದ್ಯವನ್ನು ಇಟ್ಟುಕೊಳ್ಳಲು ಸಾಧ್ಯವೇ ಎಂದು ಕೇಳಿದರು.

ಅಂದಿನಿಂದ ಫಲಕದ ಕೋನವನ್ನು ಗೊತ್ತುಮಾಡುವುದು ನನಗೊಂದು ಅಭ್ಯಾಸವಾಯಿತು. ಅದಕ್ಕೊಂದು ಕ್ರಮವಿದೆ. ಮೊದಲು ಕುರ್ಚಿ: ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಅದರ ಎತ್ತರವನ್ನು ಹೊಂದಿಸಬೇಕು. ಆಮೇಲೆ ಫಲಕ: ಧ್ವನಿಯನ್ನು ತಗ್ಗಿಸಿ, ಹಿಂಬದಿಯ ತಂತಿಗಳು ಬಿಗಿಯಾಗದಂತೆ ಸಡಿಲ ಬಿಟ್ಟು, ಎರಡೂ ಬದಿಯಲ್ಲಿ ಕೈಯಿಟ್ಟು ಎತ್ತಬೇಕು. ಹಿಂಬದಿಯ ಆಧಾರ ಕಚ್ಚಿನಲ್ಲಿ ಸರಿಯಾಗಿ ಕೂತಿತೆಂದು ಖಾತ್ರಿಯಾದ ಮೇಲಷ್ಟೇ ಕೈ ಬಿಡಬೇಕು. ಕೊನೆಗೆ ದೀಪ: ಅದರ ಬೆಳಕು ಫಲಕದಿಂದ ಪುಟಿದು ಕಣ್ಣಿಗೆ ಹೊಡೆಯಬಾರದು.

ಅತಿ ಹೆಚ್ಚು ಎತ್ತಿದರೆ ಅತಿ ಹೆಚ್ಚು ಸುಖ ಎಂದೇನೂ ಅಲ್ಲ. ಫಲಕ ತೀರ ಮಲಗಿದ್ದರೆ ಕತ್ತು ಬಾಗುತ್ತದೆ. ಓರೆನೋಟಕ್ಕೆ ಗುಂಡಿಯ ಗೆರೆ ಪಕ್ಕದ ಅಂಕಿಯ ಮೇಲಿರುವಂತೆ ತೋರುತ್ತದೆ. ತೀರ ನೆಟ್ಟಗಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬೈಫೋಕಲ್ ಕನ್ನಡಕದ ಕೆಳಭಾಗದಿಂದ ನೋಡಲು ಗದ್ದವನ್ನು ಮೇಲೆತ್ತಬೇಕಾಗುತ್ತದೆ. ಕಣ್ಣಿನ ನೋಟ ಫಲಕದ ಮೇಲೆ ನೇರವಾಗಿ ಬೀಳುವ, ಹೆಗಲು ತಾನಾಗಿ ಇಳಿದಿರುವ ಸ್ಥಾನವೇ ನನ್ನ ಸ್ಥಾನ. ನಿಂತು ನುಡಿಸುವವರ ಕಣ್ಣು ಎತ್ತರದಲ್ಲಿರುವುದರಿಂದ ಅವರಿಗೆ ಫಲಕ ಹೆಚ್ಚು ಮಲಗಿದ್ದರೆ ಅನುಕೂಲ. ನೋವು ಪೂರ್ತಿ ಹೋಗಿಲ್ಲ. ಆದರೂ ವ್ಯಾಯಾಮವೂ ಈ ಕೋನವೂ ಸೇರಿ ಸಂಜೆಯ ಮುಕ್ಕಾಲು ಗಂಟೆಯನ್ನು ನನಗೆ ಮರಳಿ ಕೊಟ್ಟಿವೆ.

ಹನ್ನೊಂದರ ಮೊಮ್ಮಗಳೂ ಈಗ ಅದೇ ವಾದ್ಯದಲ್ಲಿ ಕಲಿಯುತ್ತಿದ್ದಾಳೆ. ಅವಳ ಕಣ್ಣು ನನಗಿಂತ ಕೆಳಗೆ. ಆದ್ದರಿಂದ ಅವಳಿಗೆ ಫಲಕ ಹೆಚ್ಚು ನೆಟ್ಟಗಿರಬೇಕು. ಪಾಠ ಮುಗಿದ ಮೇಲೆ ಅವಳು ತಾಯಿಯನ್ನು ಕರೆದು, ಇಬ್ಬರೂ ಸೇರಿ ಅದನ್ನು ತಗ್ಗಿಸುತ್ತಾರೆ. “ಅಜ್ಜ, ನಿಮ್ಮ ಕಚ್ಚಿಗೆ ಇಟ್ಟಿದ್ದೇನೆ” ಎಂದು ಅಡುಗೆಮನೆಯವರೆಗೂ ಕೇಳುವಂತೆ ಕೂಗಿ ಹೇಳುತ್ತಾಳೆ. ತನ್ನ ಅನುಕೂಲವೇ ಎಲ್ಲರ ಅನುಕೂಲವಲ್ಲವೆಂಬುದನ್ನು ಅವಳಿಗೆ ಯಾರೂ ಉಪದೇಶಿಸಬೇಕಾಗಲಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ಓದುವುದನ್ನು, ಹೊಲಿಯುವುದನ್ನು, ಹಾಡಿಗೆ ಜೊತೆಗೂಡುವುದನ್ನು ನಿಲ್ಲಿಸಿದಾಗ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಅದನ್ನು ಒಪ್ಪಿಕೊಂಡುಬಿಡುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಹಾಗೆ ಒಪ್ಪಿಕೊಳ್ಳುವ ಮುನ್ನ ದೀಪ ಎಲ್ಲಿದೆ, ಕುರ್ಚಿ ಎಷ್ಟು ಎತ್ತರವಿದೆ, ಪುಸ್ತಕ ಯಾವ ಓರೆಯಲ್ಲಿದೆ ಎಂದು ಒಮ್ಮೆ ನೋಡೋಣ. ಮನುಷ್ಯನ ಬೆನ್ನು ಇನ್ನಷ್ಟು ಬಾಗಲಾರದಾದಾಗ ಅವನ ಮುಂದಿರುವ ವಸ್ತುವನ್ನು ಒಂದಿಷ್ಟು ಬಾಗಿಸಬಹುದು. ಅದಕ್ಕೆ ಬೇಕಾದುದು ಎರಡು ಕೈ, ಐದು ನಿಮಿಷ ಮತ್ತು ಅವರು ಎಲ್ಲಿ ಕುಳಿತು ಹೇಗೆ ನೋಡುತ್ತಾರೆಂಬುದನ್ನು ಗಮನಿಸುವ ತಾಳ್ಮೆ.