ನಾಯಕನ ಕಣ್ಣು

ಪ್ರೇಮಕಾದಂಬರಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ನಾಯಕನ ಕಣ್ಣನ್ನು. ಅವನ ಎತ್ತರ, ಮನೆತನ, ಆಸ್ತಿಪಾಸ್ತಿ ಎಲ್ಲ ಆಮೇಲೆ. ಲೇಖಕಿ ಅವನ ಕಣ್ಣಿನ ಮಾತೆತ್ತುವುದು ಯಾವ ಪುಟದಲ್ಲಿ, ಆಗ ಅವನನ್ನು ನೋಡುತ್ತಿರುವವರು ಯಾರು, ಆ ವರ್ಣನೆ ಎಷ್ಟುದ್ದ, ಇಷ್ಟು ತಿಳಿದರೆ ಸಾಕು, ಆ ಪುಸ್ತಕ ರಾತ್ರಿ ನನ್ನನ್ನು ಎಷ್ಟು ಹೊತ್ತು ಎಚ್ಚರವಾಗಿಡುತ್ತದೆ ಎಂದು ಅಂದಾಜು ಸಿಗುತ್ತದೆ. ಸ್ವಂತದ ಪ್ರತಿಯಾದರೆ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಗೀಟು ಹಾಕುತ್ತೇನೆ. ಹೈಸ್ಕೂಲಿನ ದಿನಗಳಿಂದ ಬಂದ ಅಭ್ಯಾಸ ಇದು.

ನಮ್ಮ ಹಳೆಯ ಕವಿಗಳು ಹೆಣ್ಣಿನ ಕಣ್ಣನ್ನು ಹೊಗಳಿದಷ್ಟು ಗಂಡಿನ ಕಣ್ಣನ್ನು ಹೊಗಳಲಿಲ್ಲ. ತಾವರೆ, ಮೀನು, ಜಿಂಕೆ ಎಲ್ಲ ಅವಳ ಪಾಲಿಗೇ ಹೋದವು. ರಾಮನಿಗೂ ಕೃಷ್ಣನಿಗೂ ತಾವರೆಗಣ್ಣುಂಟು, ನಿಜ. ಆದರೆ ಅದು ಭಕ್ತರು ಕೈಮುಗಿದು ನೋಡುವ ಕಣ್ಣು. ಪ್ರೀತಿಸಿದ ಹೆಣ್ಣು ಎದುರು ನಿಂತು, ತನಗೆ ಬೇಕಾದವನು ಇವನೇ ಹೌದೋ ಅಲ್ಲವೋ ಎಂದು ದಿಟ್ಟಿಸುವ ಕಣ್ಣು ಬೇಕೆಂದರೆ ನಾನು ಹೋಗುವುದು ಮಹಾಭಾರತದ ವನಪರ್ವಕ್ಕೆ, ದಮಯಂತಿಯ ಸ್ವಯಂವರಕ್ಕೆ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತಾಳಿ ಸಾಲಾಗಿ ಕೂತಿದ್ದಾರೆ. ಹಾರ ಹಿಡಿದು ಬಂದವಳಿಗೆ ಐವರು ನಳರು. ಅವಳು ದೇವತೆಗಳನ್ನೇ ಬೇಡಿಕೊಳ್ಳುತ್ತಾಳೆ. ಅವರು ಮನಕರಗಿ ತಮ್ಮ ಗುರುತು ತೋರುತ್ತಾರೆ. ನಾಲ್ವರ ಮೈಯಲ್ಲಿ ಬೆವರಿಲ್ಲ, ಪಾದ ನೆಲಕ್ಕೆ ತಾಗಿಲ್ಲ, ಕೊರಳ ಮಾಲೆ ಬಾಡಿಲ್ಲ, ಕಣ್ಣು ಮಿಟುಕುವುದಿಲ್ಲ. ಐದನೆಯವನ ಮಾಲೆ ಬಾಡಿದೆ, ಮೈಗೆ ಧೂಳು ಬೆವರು ಹತ್ತಿದೆ, ರೆಪ್ಪೆ ಬಡಿಯುತ್ತಿದೆ. ಹಾರ ಅವನ ಕೊರಳಿಗೆ ಬೀಳುತ್ತದೆ.

ಪ್ರೇಮಕಥೆಯ ನಾಯಕನ ಕಣ್ಣಿನ ವಿಚಾರದಲ್ಲಿ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ. ದೇವತೆಗಳದ್ದು ಕುಂದಿಲ್ಲದ ಕಣ್ಣು. ಅವಳು ಆರಿಸಿಕೊಂಡದ್ದು ದಣಿಯುವ, ಮಿಟುಕುವ ಕಣ್ಣನ್ನು.

ಬಾಡಿಗೆ ಲೈಬ್ರರಿಯ ಕಪಾಟಿನ ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದರ ಇನ್ನೊಂದು ಮುಖ ಗೊತ್ತು. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಪ್ರಕಾಶನದ ಕಾದಂಬರಿಗಳಲ್ಲಿ ಬಹುಕಾಲ ಕಥೆ ಸಾಗುತ್ತಿದ್ದದ್ದು ನಾಯಕಿಯ ಮನಸ್ಸಿನೊಳಗಿಂದ. ನಾಯಕನ ಮನಸ್ಸಿಗೆ ಓದುಗರಿಗೆ ಪ್ರವೇಶವಿಲ್ಲ. ಮಾತಿನಲ್ಲಿ ಅವನು ಬಿಗುಮಾನದವನು, ಸಿಡುಕ. ಒಳಗೇನಿದೆಯೆಂದು ಸುಳಿವು ಕೊಡಲು ಬರೆಯುವವಳಿಗೆ ಉಳಿದ ದಾರಿ ಕಣ್ಣೊಂದೇ. ಅದಕ್ಕೇ ಆ ಪುಟಗಳಲ್ಲಿ ಅಷ್ಟೊಂದು ಬೂದುಗಣ್ಣು, ಉಕ್ಕಿನ ಕಣ್ಣು, ಹಿಮದಂಥ ನೀಲಿಗಣ್ಣು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲೂ ಇದೇ ಕಾರಣಕ್ಕೆ ತುಂಟಗಣ್ಣು, ಆಳವಾದ ಕಣ್ಣು ಬಂದವು. ಬಣ್ಣ ಹೇಳಿ ಕೈತೊಳೆದುಕೊಂಡವರ ನಾಯಕ ವಾರ ಕಳೆಯುವುದರೊಳಗೆ ಮರೆತುಹೋಗುತ್ತಾನೆ. ಆ ಕಣ್ಣು ಏನನ್ನು ಗಮನಿಸಿತು ಎಂದು ಹೇಳಿದವರ ನಾಯಕ ಉಳಿಯುತ್ತಾನೆ.

ಜೇನ್ ಆಸ್ಟಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ನಾಯಕ ಡಾರ್ಸಿಯ ಕಣ್ಣು ಯಾವ ಬಣ್ಣದ್ದೆಂದು ಅವಳು ಎಲ್ಲೂ ಹೇಳುವುದಿಲ್ಲ. ಅವನು ನಾಯಕಿ ಎಲಿಜಬೆತ್‌ಳ ಕಣ್ಣನ್ನು ಮೆಚ್ಚಿದನೆಂದು ಮಾತ್ರ ಹೇಳುತ್ತಾಳೆ, ಅದೂ ಎಲಿಜಬೆತ್‌ಗೆ ಗೊತ್ತಾಗದ ಹಾಗೆ. ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಅವಳು ಮೂರು ಮೈಲಿ ಕೆಸರು ತುಳಿದು ಬಂದಾಗ ಉಳಿದವರು ಲಂಗದ ಅಂಚಿನ ಕೊಳೆ ನೋಡಿ ಆಡಿಕೊಳ್ಳುತ್ತಾರೆ. ಡಾರ್ಸಿ, ನಡೆದು ಬಂದದ್ದಕ್ಕೆ ಅವಳ ಕಣ್ಣು ಇನ್ನೂ ಹೊಳೆಯುತ್ತಿದ್ದವು ಅನ್ನುತ್ತಾನೆ. ಅವನ ಸ್ವಂತ ಕಣ್ಣಿನ ಬಗ್ಗೆ ಇದಕ್ಕಿಂತ ಹೆಚ್ಚು ನಾನು ತಿಳಿಯಬೇಕಾದದ್ದೇನಿದೆ? ಮುಂದೆ ಅವನ ಮನೆ ಪೆಂಬರ್ಲಿಯ ಮಹಡಿಯಲ್ಲಿ ಎಲಿಜಬೆತ್ ಅವನ ತೈಲಚಿತ್ರದ ಮುಂದೆ ನಿಂತು, ಆ ಚಿತ್ರದ ನೋಟ ತನ್ನ ಮೇಲೆ ಬೀಳುವ ಹಾಗೆ ನಿಲ್ಲುತ್ತಾಳೆ. ಎದುರಿಗೆ ಬಂದಾಗಲೆಲ್ಲ ತಪ್ಪು ತಿಳಿದುಕೊಂಡ ಕಣ್ಣನ್ನು ಅವಳು ಮೊದಲ ಸಲ ನೆಮ್ಮದಿಯಾಗಿ ಎದುರಿಸುವುದು ಕ್ಯಾನ್ವಾಸಿನ ಮೇಲೆ.

1847ರಲ್ಲಿ ಒಂದೇ ಮನೆಯ ಅಕ್ಕತಂಗಿಯರು ಕೆಲವೇ ವಾರಗಳ ಅಂತರದಲ್ಲಿ ಎರಡು ಜೊತೆ ಕಪ್ಪು ಕಣ್ಣುಗಳನ್ನು ಲೋಕಕ್ಕೆ ಕೊಟ್ಟರು. ತಂಗಿ ಎಮಿಲಿ ಬ್ರಾಂಟೆಯ ಹೀತ್‌ಕ್ಲಿಫ್ ಸತ್ತ ಮೇಲೂ ಕಣ್ಣು ಮುಚ್ಚುವುದಿಲ್ಲ. ಮನೆ ನೋಡಿಕೊಳ್ಳುವ ನೆಲ್ಲಿ ಎಷ್ಟು ಪ್ರಯತ್ನಿಸಿದರೂ ರೆಪ್ಪೆ ಕೂಡದು. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಅವನನ್ನು ಮನಸ್ಸಿಗೆ ಹಚ್ಚಿಕೊಳ್ಳಲು ನನ್ನಿಂದಾಗಿಲ್ಲ. ಆ ಕಣ್ಣಿಗೆ ತನ್ನ ನೋವಿನಾಚೆ ಏನೂ ಕಾಣುವುದಿಲ್ಲ.

ನನ್ನ ಪ್ರೀತಿಯೆಲ್ಲ ಅಕ್ಕ ಷಾರ್ಲಟ್‌ಳ 'ಜೇನ್ ಏರ್' ಕಾದಂಬರಿಯ ರೋಚೆಸ್ಟರ್‌ಗೆ. ಅವನು ರೂಪವಂತನಲ್ಲ. ನಾನು ಚೆಲುವನೇ ಎಂದು ಕೇಳಿದಾಗ ಜೇನ್ ಏರ್ ಥಟ್ಟನೆ ಇಲ್ಲವೆಂದುಬಿಡುತ್ತಾಳೆ. ಆದರೆ ಬೆಂಕಿಗೂಡಿನ ಬೆಳಕಿನಲ್ಲಿ ಅವನ ದೊಡ್ಡ ಕಪ್ಪು ಕಣ್ಣು ಎಷ್ಟು ಸೊಗಸೆಂದು ಅವಳು ಆಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಾಗಿದೆ. ಮುಂದೆ ಸಾಯುತ್ತಿರುವ ಅತ್ತೆಯನ್ನು ನೋಡಲು ಗೇಟ್ಸ್‌ಹೆಡ್‌ಗೆ ಹೋದಾಗ, ಮಾತಾಡಿಸುವವರಿಲ್ಲದ ಆ ಮನೆಯಲ್ಲಿ ಪೆನ್ಸಿಲ್ ಹಿಡಿದು ಕಿಟಕಿಯ ಬಳಿ ಕೂರುತ್ತಾಳೆ. ಏನು ಬರೆಯಬೇಕೆಂದು ಯೋಚಿಸಿಯೂ ಇಲ್ಲ. ಅಗಲವಾದ ಹಣೆ ಮೂಡುತ್ತದೆ, ಚೌಕನೆಯ ದವಡೆ, ದಟ್ಟ ಹುಬ್ಬು, ಮೂಗು, ಬಾಯಿ, ನಡುವೆ ಗುಳಿಯಿರುವ ಗಲ್ಲ, ಕಪ್ಪು ಕೂದಲು. ಕಣ್ಣನ್ನು ಬೇಕೆಂದೇ ಕೊನೆಗೆ ಉಳಿಸಿಕೊಳ್ಳುತ್ತಾಳೆ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಜತನ ಬೇಕೆಂದು. ದೊಡ್ಡದಾಗಿ ಬರೆದು, ರೆಪ್ಪೆಗೂದಲು ಉದ್ದವಾಗಿ ಎಳೆದು, ದೂರ ಹಿಡಿದು ನೋಡಿದರೆ ಇನ್ನೂ ಕಸುವು ಸಾಲದು. ನೆರಳನ್ನು ಮತ್ತಷ್ಟು ಕಪ್ಪಾಗಿಸುತ್ತಾಳೆ, ಬೆಳಕು ಇನ್ನಷ್ಟು ಮಿಂಚಲಿ ಎಂದು. ಅಷ್ಟರಲ್ಲಿ ಅತ್ತೆಯ ಮಗಳು ಎಲೈಜಾ ಬಂದು ಯಾರದೆಂದು ಕೇಳುತ್ತಾಳೆ. ಸುಮ್ಮನೆ ಊಹೆಯ ಮುಖ ಎಂದು ಜೇನ್ ಸುಳ್ಳು ಹೇಳುತ್ತಾಳೆ. ಎಲೈಜಾಳ ಸೋದರಿ ಜಾರ್ಜಿಯಾನಾಗೆ ಅದು ಕುರೂಪಿ ಗಂಡಸಿನ ಚಿತ್ರವಾಗಿ ಕಾಣುತ್ತದೆ. ಎಷ್ಟು ಸಲ ಓದಿದರೂ ಆ ಮಾತು ಬಂದಾಗ ಜಾರ್ಜಿಯಾನಾ ಮೇಲೆ ನನಗೆ ಕೋಪ ಬರುತ್ತದೆ. ಕಾಗದ ಒಂದೇ, ಗೆರೆ ಅವೇ. ಪ್ರೀತಿ ಇದ್ದವಳಿಗೆ ಕಂಡದ್ದು ಇಲ್ಲದವಳಿಗೆ ಕಾಣಲಿಲ್ಲ.

ಇಷ್ಟು ಜತನದಿಂದ ತಿದ್ದಿದ ಕಣ್ಣನ್ನೇ ಷಾರ್ಲಟ್ ಆಮೇಲೆ ಬೆಂಕಿಗೆ ಕೊಡುತ್ತಾಳೆ. ತನ್ನ ಥಾರ್ನ್‌ಫೀಲ್ಡ್ ಮನೆ ಉರಿದು ಬಿದ್ದಾಗ ರೋಚೆಸ್ಟರ್‌ನ ಒಂದು ಕಣ್ಣು ಹೋಗುತ್ತದೆ, ಇನ್ನೊಂದು ಕುರುಡಾಗುತ್ತದೆ. ಪ್ರೇಮಕಾದಂಬರಿ ಬರೆಯುವವರಲ್ಲಿ ಎಷ್ಟು ಜನಕ್ಕೆ ಈ ಎದೆಗಾರಿಕೆ ಬಂದೀತು! ಕಣ್ಣೇ ಅವನ ಆಕರ್ಷಣೆಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅವನನ್ನು ಬಿಟ್ಟುಹೋಗಿದ್ದ ಜೇನ್ ಮರಳಿ ಬಂದು ಅವನನ್ನೇ ಮದುವೆಯಾಗಿ, ಕಂಡದ್ದನ್ನೆಲ್ಲ ಅವನಿಗೆ ಬಾಯಲ್ಲಿ ಹೇಳುತ್ತ ಅವನ ಕಣ್ಣಾಗುತ್ತಾಳೆ. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ನಿನ್ನ ಕೊರಳಲ್ಲಿ ಹೊಳೆಯುವುದೇನೋ ಇದೆಯಲ್ಲವೇ, ತಿಳಿನೀಲಿ ಉಡುಪು ತೊಟ್ಟಿದ್ದೀಯಲ್ಲವೇ ಎಂದು ಅವನು ಕೇಳುತ್ತಾನೆ. ಗಡಿಯಾರದ ಚಿನ್ನದ ಸರ, ನೀಲಿ ಉಡುಪು ಎರಡೂ ನಿಜ. ಚೊಚ್ಚಲ ಮಗುವನ್ನು ಕೈಗಿತ್ತಾಗ ಅವನಿಗೆ ಕಾಣುವುದು ತನ್ನದೇ ಹಳೆಯ ಕಣ್ಣು, ದೊಡ್ಡದು, ಕಪ್ಪಾದದ್ದು, ಹೊಳೆಯುವಂಥದು.

'ಜೇನ್ ಏರ್' ಮನೆಯಲ್ಲಿದ್ದರೆ ಇನ್ನೊಮ್ಮೆ ತೆಗೆಯಿರಿ. 21ನೇ ಅಧ್ಯಾಯದ ಚಿತ್ರ ಬರೆಯುವ ಪುಟವನ್ನು ಓದಿ, ಆಮೇಲೆ ನೇರವಾಗಿ ಕೊನೆಯ ಅಧ್ಯಾಯಕ್ಕೆ ಬನ್ನಿ. ಓದದೇ ಇದ್ದವರು ಮೊದಲಿನಿಂದಲೇ ಶುರುಮಾಡಿ, ಆ ಎರಡು ಜಾಗಗಳಲ್ಲಿ ಅವಸರ ಮಾಡಬೇಡಿ.